ಜಾರಿದ ಧೈವತ

ದಾವಣಗೆರೆಯಲ್ಲಿ ಭಾನುವಾರ ಸಂಜೆ ಮನೆಗೆ ಬಂದವರನ್ನು ಮಂಡಕ್ಕಿ, ಮೆಣಸಿನಕಾಯಿ ಕೊಡದೆ ಕಳಿಸುವುದುಂಟೇ? ಆ ದಿನ ನಾನು ಅದರ ಜೊತೆಗೆ ವಿದ್ಯುತ್ತಿನಿಂದ ಸ್ವರ ಹೊರಡಿಸುವ ಒಂದು ಸಿಂಥಸೈಜರನ್ನೂ ಬಡಿಸಲು ಹೊರಟಿದ್ದೆ.

ಸಿಂಥಸೈಜರ್ ಎಂದರೆ ದೊಡ್ಡ ಮಾತಾಯಿತು. ಒಂದು ಆರ್ಡುಯಿನೊ ಬೋರ್ಡು (ಪ್ರೋಗ್ರಾಮ್ ಬರೆದು ನಡೆಸಬಹುದಾದ ಚಿಪ್ಪಿರುವ ಪುಟ್ಟ ಹಲಗೆ), ಹಳೆಯ ರೇಡಿಯೊದಿಂದ ಕಿತ್ತ ಸ್ಪೀಕರು, ರಟ್ಟಿನ ಮೇಲೆ ಕೂರಿಸಿದ 14 ಗುಂಡಿಗಳು, ಅಷ್ಟೇ. ಎರಡು ಸಪ್ತಕದ ಶುದ್ಧ ಸ್ವರಗಳು ಮಾತ್ರ. ಕೋಮಲ, ತೀವ್ರಗಳಿಗೆ ಬೋರ್ಡಿನಲ್ಲಿ ತಂತಿ ಸಿಕ್ಕಿಸುವ ಪಿನ್ನು ಉಳಿದಿರಲಿಲ್ಲ. ಕೇಳಲು ಬಂದವರು ನನ್ನ ಸೋದರಮಾವ. ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದವರು, ಪೆಟ್ಟಿಗೆಯನ್ನು ಜೊತೆಗೇ ತಂದಿದ್ದರು.

ಲೆಕ್ಕದ ಬಗ್ಗೆ ನನಗೆ ಹೆಮ್ಮೆಯಿತ್ತು. ಹಾರ್ಮೋನಿಯಂನ ಒಂದು ಮನೆಯಿಂದ, ಅಂದರೆ ಒಂದು ಕೀಲಿಯಿಂದ, ಮೇಲಿನ ಪಕ್ಕದ ಮನೆಗೆ ಹೋಗಲು ಸ್ವರದ ಕಂಪನಸಂಖ್ಯೆಯನ್ನು 1.05946ರಿಂದ ಗುಣಿಸಬೇಕು; ಹನ್ನೆರಡು ಸಲ ಗುಣಿಸಿದರೆ ಎರಡರಷ್ಟಾಗಿ ಮೇಲಿನ ಸ ಸಿಗುತ್ತದೆ. ಸೋಮಾರಿತನದಿಂದ 1.06 ಎಂದು ಹಾಕಿದರೆ 2.012 ಆಗಿ ಸಪ್ತಕ ಮುಚ್ಚುವುದೇ ಇಲ್ಲ, ಆ ಪಾಠ ಮೊದಲೇ ಆಗಿತ್ತು. ಬಿಳಿ ಒಂದರ (ಮೊದಲ ಬಿಳಿ ಮನೆಯ) ಸ 261.63 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ, ಅಲ್ಲಿಂದ ಒಂಬತ್ತು ಮನೆ ಏರಿದರೆ ಧ 440.

ಮಾವ ಕೆಳಗಿನ ಸಪ್ತಕ ಒತ್ತಿದರು, ತಲೆದೂಗಿದರು. ಮೇಲಿನ ಧ ಒತ್ತಿ, ಪೆಟ್ಟಿಗೆಯಲ್ಲೂ ಅದೇ ಮನೆ ಹಿಡಿದರು.

"ಇದು ಜಾರಿದೆ ನೋಡು."

"ಲೆಕ್ಕ ಸರಿಯಾಗಿದೆ ಮಾವ, 880."

"ಲೆಕ್ಕ ಇರಲಿ. ಕಿವಿ ಎಲ್ಲಿಟ್ಟಿದ್ದೀಯ?"

ಅವರು ಹೋದ ಮೇಲೆ ಕಾಗದ ಹರಡಿ ಕುಳಿತೆ. ಚಿಪ್ಪಿಗೆ 880 ಎಂಬುದು ಗೊತ್ತೇ ಇಲ್ಲ. ಇಷ್ಟು ಎಣಿಸು, ಪಿನ್ನನ್ನು ಮಗುಚು, ಮತ್ತೆ ಎಣಿಸು ಎಂಬುದಷ್ಟೇ ಗೊತ್ತು. ಎರಡು ಸಲ ಮಗುಚಿದರೆ ಒಂದು ಕಂಪನ. ಅದರ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಬಾರಿ ಮಿಡಿಯುತ್ತದೆ. ಆ ಮಿಡಿತಗಳನ್ನು ಎಣಿಸಲು ನಾನು ಹಿಡಿದಿದ್ದ ಟೈಮರ್ 255ಕ್ಕಿಂತ ಮೇಲೆ ಎಣಿಸಲಾರದು, ಹಾಗಾಗಿ ಮಿಡಿತವನ್ನು 256ರಿಂದ ಭಾಗಿಸಿ ನಿಧಾನ ಮಾಡಿದ್ದೆ. 440ಕ್ಕೆ 71.02 ಎಣಿಕೆ ಬೇಕು. 71 ಎಂದರೆ ಯಾವ ಕಿವಿಗೂ ತಿಳಿಯದು. ಆದರೆ 880ಕ್ಕೆ ಬೇಕಾದ್ದು 35.51! 35 ಎಣಿಸಿದರೆ 892.86, 36 ಎಣಿಸಿದರೆ 868.06. ನಡುವೆ ಏನೂ ಇಲ್ಲ. ನಾನು 36 ಹಾಕಿದ್ದೆ. ಸ್ವರ ಪಕ್ಕದ ಮನೆಯ ದೂರದಲ್ಲಿ ಸುಮಾರು ಕಾಲು ಭಾಗ ಕೆಳಗಿಳಿದಿತ್ತು. ಹತ್ತಿ ಅಂಡಿಗೆ ತೂಗುವ ತಕ್ಕಡಿಯಲ್ಲಿ ಬಂಗಾರ ತೂಗಿದ್ದೆ.

ಅದೇ ಚಿಪ್ಪಿನಲ್ಲಿ 65,535ರವರೆಗೆ ಎಣಿಸುವ ಇನ್ನೊಂದು ಟೈಮರ್ ಸುಮ್ಮನೆ ಕುಳಿತಿತ್ತು. ಅದಕ್ಕೆ 256ರ ಬದಲು 8ರಿಂದ ಭಾಗಿಸಿದರೆ ಸಾಕು. 880ಕ್ಕೆ 1136.36 ಎಣಿಕೆ, ಅಂದರೆ 1136. ಎಲ್ಲ 14 ಸ್ವರಗಳ ಅಂಕಿಗಳನ್ನು ಬದಲಿಸುವಷ್ಟರಲ್ಲಿ ರಾತ್ರಿ ಒಂದು ಗಂಟೆ.

ಮರುದಿನ ಮಾವನ ಮನೆಗೇ ಹೊತ್ತುಕೊಂಡು ಹೋದೆ. ಪೆಟ್ಟಿಗೆಯ ಪಕ್ಕ ಇಟ್ಟು ಮೇಲಿನ ಧ ಎರಡು ಸಲ ಒತ್ತಿಸಿದರು. "ಈಗ ಕುಳಿತಿತು" ಎಂದರು.

ಮನೆಗೆ ಬಂದು ಪ್ರೋಗ್ರಾಮನ್ನು ಮತ್ತೆ ಓದುವಾಗ ಕಣ್ಣಿಗೆ ಬಿತ್ತು. ಟೈಮರ್ ಸೊನ್ನೆಯಿಂದ ಎಣಿಸುತ್ತದೆ, ಆದ್ದರಿಂದ ಅಂಕಿಯಲ್ಲಿ ಒಂದು ಕಳೆದು ಬರೆಯಬೇಕು. ಮೊದಲ ಸಲ ಕಳೆದಿದ್ದೆ, ಈ ಸಲ ಮರೆತಿದ್ದೆ. ಹಾಗಾಗಿ ಮಾವ ಮೆಚ್ಚಿದ್ದು 879.51. ಸರಿಯಾಗಿ ಬರೆದಿದ್ದರೆ 880.28 ಬರುತ್ತಿತ್ತು. ಕಳೆದು ಸರಿಮಾಡಿದೆ. ಮಾವನಿಗೆ ಇನ್ನೂ ಹೇಳಿಲ್ಲ.