ಹಾಸನದ ಆಲೂಗಡ್ಡೆ, ಕಾರವಾರದ ಯುದ್ಧನೌಕೆ

ದೋಣಿಗಾಲ್ ಹತ್ತಿರ ಮಣ್ಣು ಜಾರಿದೆ, ಶಿರಾಡಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿವೆ ಅಂತ ಬೆಳಗ್ಗೆಯೇ ಸುದ್ದಿ ಬಂತು. ಹಾಸನದವರಿಗೆ ಇದೇನು ಹೊಸದಲ್ಲ. ಬೇಲೂರು, ಮೂಡಿಗೆರೆ ಮೇಲೆ ಹೋಗಿ ಚಾರ್ಮಾಡಿ ಇಳಿಯೋಣ ಅಂದರು ಭಾವ. ಹೊರಟಿದ್ದು ಕಾರವಾರಕ್ಕೆ, ಅಪ್ಪನಿಗೆ ಅಲ್ಲಿ ಮ್ಯೂಸಿಯಂ ಆಗಿರೋ ಹಳೇ ಯುದ್ಧನೌಕೆ ಐಎನ್‌ಎಸ್ ಚಾಪೆಲ್ ತೋರಿಸೋಕೆ.

ಅಪ್ಪ ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಈಜು ಬರಲ್ಲ, ಕೆರೆ ಏರಿ ಮೇಲೆ ನಡೆಯೋಕೂ ಭಯ. ಆದರೆ 1971ರ ಡಿಸೆಂಬರ್‌ನಲ್ಲಿ ಪಕ್ಕದ ಮನೆ ರೇಡಿಯೋದಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ನಮ್ಮ ನೌಕಾಪಡೆ ಕರಾಚಿ ಮೇಲೆ ಮಾಡಿದ ದಾಳಿಯ ಸುದ್ದಿ ಕೇಳಿದಾಗ ಹಿಡಿದ ನೌಕಾಪಡೆಯ ಹುಚ್ಚು ಇನ್ನೂ ಬಿಟ್ಟಿಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿಗೆ ಇಳಿದೆವು. ಮಂಜು, ಮೇಲಿಂದ ಮಳೆ. ಆಲೇಕಾನ್ ಜಲಪಾತ ಬರೋ ಹೊತ್ತಿಗೆ ವೈಪರ್ ಒಮ್ಮೆ ಕಿರ್ ಅಂತು, ಗಾಜಿನ ನಡುಮಧ್ಯದಲ್ಲೇ ನಿಂತುಬಿಟ್ಟಿತು. ಫ್ಯೂಸ್ ಬದಲಾಯಿಸಿದರೂ ಅಲುಗಾಡಲಿಲ್ಲ. ಮುಂದೆ ತಿರುವು ಎಲ್ಲಿ, ಪ್ರಪಾತ ಎಲ್ಲಿ, ಒಂದೂ ಕಾಣಲ್ಲ. ವಾಪಸ್ ಮೂಡಿಗೆರೆಗೆ ಹಗ್ಗ ಕಟ್ಟಿ ಎಳೆಸೋಣವಾ ಅಂತ ಭಾವ ಕೇಳಿದ್ದೇ ತಡ, ಹಿಂದಿನ ಸೀಟಿನಿಂದ ಅಪ್ಪ ಶುರು ಮಾಡಿದರು.

“ಅದರಲ್ಲಿ ನಾಚಿಕೆ ಏನು ಬಂತು? ಕರಾಚಿಗೆ ಹೋದ ಕ್ಷಿಪಣಿ ದೋಣಿಗಳೂ ಹಾಗೇ ಎಳೆಸ್ಕೊಂಡು ಬಂದಿದ್ದು. ರಷ್ಯಾದಿಂದ ಬಂದಾಗ ಅಷ್ಟು ಭಾರ ಇಳಿಸೋ ಕ್ರೇನ್ ಬೊಂಬಾಯಲ್ಲಿ ಇರಲಿಲ್ಲ. ಕಲ್ಕತ್ತಾದಲ್ಲಿ ಇಳಿಸಿ, ಸಮುದ್ರದ ಮೇಲೆ ಬೊಂಬಾಯಿಗೆ ಎಳ್ಕೊಂಡು ಹೋದರು.”

“ಮಾವ, ಈಗ ಅದು ಬೇಡ,” ಅಂದರು ಭಾವ.

ಅಷ್ಟರಲ್ಲಿ ಹಿಂದೆ ನಿಂತ ಪಿಕಪ್ಪಿನ ಡ್ರೈವರ್ ಇಳಿದು ಬಂದ. ನಮ್ಮ ಡಿಕ್ಕಿಯಲ್ಲಿ ಅಂಕೋಲಾದ ಚಿಕ್ಕಮ್ಮನಿಗೆ ಅಂತ ಹಾಕಿಕೊಂಡಿದ್ದ ಆಲೂಗಡ್ಡೆ ಚೀಲ ನೋಡಿ ನಕ್ಕ. ಒಂದನ್ನು ಹೋಳು ಮಾಡಿ, ಹೊಲದ ಮಣ್ಣು ಹತ್ತಿದ್ದ ಸಿಪ್ಪೆ ಹಿಡಿದು, ಹಸಿ ಮುಖವನ್ನು ಗಾಜಿಗೆ ಒತ್ತಿ ಉಜ್ಜಿದ. ಬಿಳಿ ಗಂಜಿಯ ಗೆರೆ ಎದ್ದವು; ಮಳೆ ಬಿದ್ದ ಹಾಗೆ ಮಾಯವಾದವು. ಆಮೇಲೆ ನೀರು ಹನಿಹನಿಯಾಗಿ ಕೂರದೆ ತೆಳ್ಳಗೆ ಹಾಳೆಯ ಹಾಗೆ ಇಳಿಯತೊಡಗಿತು. ಪೂರ್ತಿ ನಿಚ್ಚಳ ಅಂತಲ್ಲ, ರಸ್ತೆ ಅಂಚಿನ ಬಿಳಿ ಪಟ್ಟಿ ಕಾಣುವಷ್ಟು. ಅವನ ಪಿಕಪ್ ಮುಂದೆ, ನಾವು ಎರಡನೇ ಗೇರಲ್ಲಿ ಹಿಂದೆ. ಆಗಾಗ ನಾನೇ ಇಳಿದು ಉಜ್ಜುತ್ತಿದ್ದೆ. ಅಣ್ಣಪ್ಪ ಸ್ವಾಮಿಗೆ ಕೈ ಮುಗಿದು ಅವನು ಮುಂದೆ ಹೋದ. ದುಡ್ಡು ಬೇಡ ಅಂದ, ನಾಲ್ಕು ಆಲೂಗಡ್ಡೆ ಮಾತ್ರ ತಗೊಂಡ.

ಉಜಿರೆಯಲ್ಲಿ ವೈಪರ್ ಮೋಟರ್ ಬದಲಾಯಿಸಿಕೊಂಡು ಕಾರವಾರ ಸೇರಿದಾಗ ರಾತ್ರಿ. ಚಾಪೆಲ್ ನೋಡಿದ್ದು ಮರುದಿನ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ನೀರಿನಿಂದ ದೂರ, ಒಣ ನೆಲದ ಮೇಲೆ ಕೂತಿದೆ. ಬರೀ ಮೂವತ್ತೆಂಟು ಮೀಟರ್ ಉದ್ದ! ಅದರ ಮೇಲೆ ನಾಲ್ಕು ಕ್ಷಿಪಣಿ ಕೊಳವೆ. ಒಳಗೆ ಅಪ್ಪ ಬಾಗಿಲು ಬಾಗಿಲಿಗೂ ತಲೆ ತಗ್ಗಿಸಿಕೊಂಡು, ಸಮವಸ್ತ್ರದ ಗೊಂಬೆಗಳಿಗೂ ದಾರಿ ಬಿಡುತ್ತಾ ನಡೆದರು.

ಪಕ್ಕದಲ್ಲಿ ಒಬ್ಬರು ಮಕ್ಕಳಿಗೆ, “ಕರಾಚಿ ಸುಟ್ಟಿದ್ದು ಇದೇ ಹಡಗು,” ಅನ್ನುತ್ತಿದ್ದರು. ಅಪ್ಪ ಸುಮ್ಮನಿರೋರಾ?

“ಅಲ್ಲಪ್ಪ, ಇದು ಸೇವೆಗೆ ಬಂದಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಹೋಗಿದ್ದು ನಿಪಾತ್, ನಿರ್ಘಾತ್, ವೀರ್. ಇದು ಅದೇ ಜಾತಿಯದ್ದು, ಅಷ್ಟೇ.”

“ಹಂಗಾದ್ರೆ ಇದನ್ನ ಯಾಕೆ ಇಟ್ಟಾರೆ ಅಜ್ಜಾ?” ಅಂದ ಅವರ ಮಗ.

ಅಪ್ಪ ಹುಡುಗನ ಮುಖ ನೋಡಿದರು, ಉತ್ತರ ಹೊರಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನನ್ನೇ ಕರೆದುಕೊಂಡು ಹೊರಗಿನ ಟುಪೊಲೆವ್ 142 ವಿಮಾನದ ಹತ್ತಿರ ಹೋದರು. ಒಂದೊಂದು ಎಂಜಿನ್‌ಗೂ ಎರಡೆರಡು ಫ್ಯಾನು, ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ ಅಂತ ಕೈಯಾಡಿಸಿ ಹೇಳುತ್ತಿದ್ದರು. ಭಾವ ಹಾರನ್ ಹೊಡೆದೇ ಹೊಡೆದರು.