ಬೇಕು ಮಾವ

ಕಳೆದ ಆದಿತ್ಯವಾರ ಬದಿಯಡ್ಕದ ಹತ್ತಿರ ಒಂದು ಪೂಜೆಯ ಊಟದಲ್ಲಿ ಕೇಳಿದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಬಡಿಸುತ್ತಿದ್ದ ಅಕ್ಕ ನರ್ಸಿಂಗ್ ಕಾಲೇಜಿನಲ್ಲಿ ಪ್ರೊಫೆಸರ್. ಹಿರಿಯರೊಬ್ಬರು ಎಲೆಯಿಂದ ತಲೆಯೆತ್ತಿ, "ಅಲ್ಲ ಮಗಳೇ, ಸೂಜಿ ಚುಚ್ಚಲಿಕ್ಕೆ ಕಲಿಸಲಿಕ್ಕೂ ಪ್ರೊಫೆಸರು ಬೇಕಾ?" ಎಂದರು. ಪಂಕ್ತಿಯಲ್ಲಿ ನಗು. ಅಕ್ಕ "ಬೇಕು ಮಾವ" ಎಂದಷ್ಟೇ ಹೇಳಿ ಸಾರಿನ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದರು.

ಕೇಳಿದವರು ಕೆಟ್ಟವರಲ್ಲ. ನಕ್ಕವರ ಮೇಲೆಯೇ ಬೇಸರ. ಅವರಲ್ಲಿ ಆಸ್ಪತ್ರೆಯ ಮಂಚ ಕಾಣದವರು ಯಾರಿದ್ದಾರೆ?

ಬಿಎಸ್ಸಿ ನರ್ಸಿಂಗ್ 4 ವರ್ಷ, ನರ್ಸಿಂಗ್ ಕೌನ್ಸಿಲ್ ನೋಂದಣಿ, ವಾರ್ಡಿನ ಕೆಲಸ, ಎಂಎಸ್ಸಿ 2 ವರ್ಷ. ಆಮೇಲೆ ಅಸಿಸ್ಟೆಂಟ್, ಅಸೋಸಿಯೇಟ್ ಮೆಟ್ಟಿಲು. ಪ್ರೊಫೆಸರ್ ಆಗಲು ಎಂಎಸ್ಸಿಯ ಜೊತೆ 10 ವರ್ಷದ ಅನುಭವ, ಅದರಲ್ಲಿ 7 ವರ್ಷ ಪಾಠ ಮಾಡಿದ್ದಿರಬೇಕು. ಇಷ್ಟೆಲ್ಲ ಯಾಕೆ ಅಂದರೆ, ಸೂಜಿ ಚುಚ್ಚಿದ ಮೇಲಿನ ಕತೆಗಾಗಿ.

ನಾವು 'ಗ್ಲೂಕೋಸ್ ಹಾಕುವುದು' ಅನ್ನುವ ಡ್ರಿಪ್ಪನ್ನೇ ತೆಗೆದುಕೊಳ್ಳಿ. 500 ಮಿಲಿಲೀಟರ್ 4 ಗಂಟೆಯಲ್ಲಿ ಹೋಗಬೇಕು. ಮಾಮೂಲಿ ಸೆಟ್ಟಿನಲ್ಲಿ, ಅಂದರೆ ಬಾಟಲಿಯಿಂದ ಕೈಗೆ ಬರುವ ಕೊಳವೆಯಲ್ಲಿ, 20 ಹನಿಗೆ ಒಂದು ಮಿಲಿಲೀಟರ್. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 42 ಹನಿ. ಮಕ್ಕಳಿಗೆ ಬಳಸುವ ಮೈಕ್ರೋ ಸೆಟ್ಟಿನಲ್ಲಿ ಒಂದು ಮಿಲಿಲೀಟರಿಗೆ 60 ಹನಿ, ಹಾಗಾಗಿ ಇದೇ ಲೆಕ್ಕಕ್ಕೆ ನಿಮಿಷಕ್ಕೆ 125 ಹನಿ ಬೇಕು. ಎಡವುವುದು ಇಲ್ಲೇ. ಸೆಟ್ಟಿನ ಪೊಟ್ಟಣ ಓದದೆ 125 ಹನಿಯನ್ನು ಮಾಮೂಲಿ ಸೆಟ್ಟಿನಲ್ಲಿ ಬಿಟ್ಟರೆ ಬಾಟಲಿ 80 ನಿಮಿಷದಲ್ಲಿ ಖಾಲಿ. ಗಟ್ಟಿ ಹುಡುಗನಾದರೆ ತಡೆದುಕೊಂಡಾನು. ಹೃದಯ ಸೋತ ಅಜ್ಜನಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ಲೆಕ್ಕ ಸರಿ ಬಂದರೂ ಸಾಲದು. ರೋಗಿ ಕೈ ಮಡಚಿದರೆ ಹನಿ ನಿಧಾನವಾಗುತ್ತದೆ, ಸ್ಟ್ಯಾಂಡ್ ಎತ್ತರಿಸಿದರೆ ಜೋರಾಗುತ್ತದೆ. ಅದಕ್ಕೇ ಗಡಿಯಾರ ಹಿಡಿದು ಮತ್ತೆ ಮತ್ತೆ ಎಣಿಸಬೇಕು. ಹತ್ತು ವಿದ್ಯಾರ್ಥಿಗಳ ಕೈಯಲ್ಲಿ ಇದನ್ನು ತಪ್ಪಿಲ್ಲದೆ ಮಾಡಿಸುವುದು ಬೋರ್ಡಿನ ಪಾಠದಿಂದ ಆಗುವ ಕೆಲಸವಲ್ಲ.

"ಪ್ರೊಫೆಸರು ಬೇಕಾ?" ನಮ್ಮ ಕಾಸರಗೋಡಿನಲ್ಲಂತೂ ಇನ್ನೂ ಹೆಚ್ಚು ಬೇಕು. ಒಂದೇ ವಾರ್ಡಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ. ಪೆರ್ಲದ ಕಡೆಯ ಅಜ್ಜಿ "ಎದೆ ಸಂಕಟ ಆಗ್ತದೆ" ಅಂದರೆ ಅದು ದೇಹದ ಯಾತನೆ. ಮಲಯಾಳದಲ್ಲಿ 'ಸಂಕಟಂ' ಅಂದರೆ ದುಃಖ. ಕೇರಳದ ತೆಂಕು ಕಡೆಯಿಂದ ನರ್ಸಿಂಗ್ ಕಲಿಯಲು ಬಂದ ಹುಡುಗಿ, ಪಾಪ, 'ಮನಸ್ಸಿಗೆ ಬೇಸರ' ಎಂದು ಚಾರ್ಟಿನಲ್ಲಿ ಬರೆದು ಅಜ್ಜಿಯ ತಲೆ ನೇವರಿಸಿ ಹೋಗಿಬಿಡಬಹುದು. ತಪ್ಪು ಅವಳ ಶ್ರದ್ಧೆಯದಲ್ಲ, ಎರಡು ಭಾಷೆಯಲ್ಲಿ ಒಂದೇ ವೇಷ ತೊಟ್ಟ ಪದದ್ದು. ಅದನ್ನು ಹಿಡಿಯಬೇಕಾದವರು ಪಕ್ಕದಲ್ಲಿ ನಿಂತ ಟೀಚರು: "ಪದ ಬಿಡು, ಕೈಯಿಟ್ಟು ತೋರಿಸಲಿಕ್ಕೆ ಹೇಳು. ಎಡಗೈಗೆ, ದವಡೆಗೆ ಹರಿಯುತ್ತದಾ ಕೇಳು. ಬೆವರಿದ್ದಾರಾ ನೋಡು."

ಅಜ್ಜಿಯ ಕೈ ಎದೆಯ ನಡುವೆ ಬಂದು ನಿಂತರೆ, ಹೃದಯಾಘಾತವೋ ಏನೋ ಎಂದು ತಿಳಿಯಲು ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಚಾರ್ಟು ಆಮೇಲೆ ಬರೆಯಬಹುದು.