ಗ್ರಾಫ್ ಹಾಳೆಯ ಮೇಲೆ ಟಾಲೆಮಿ

ಭಾನುವಾರ, 14 ಜುಲೈ 2024

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಅಕ್ಕನ ಮಗ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡುವ ಹೋಂವರ್ಕ್ ಹಿಡಿದು ಕೂತಿದ್ದ. "ಇದೆಲ್ಲ ಯಾವುದಕ್ಕೆ ಬರುತ್ತೆ ಮಾಮ?" ಅಂದ. ನನಗೆ ಟಾಲೆಮಿ ನೆನಪಾದ. ಹುಡುಗನ ಹತ್ತಿರ ಒಂದು ಹಾಳೆ ಇಸಿದುಕೊಂಡೆ.

ಟಾಲೆಮಿ ಕ್ರಿ.ಶ. 150ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಭೂಗೋಳ ಪಂಡಿತ. ಅವನ ಭೂಗೋಳದ ಪುಸ್ತಕದಲ್ಲಿ ಊರು, ನದಿ, ಬೆಟ್ಟ, ಭೂಶಿರ ಎಲ್ಲ ಸೇರಿ ಸುಮಾರು 8,000 ಹೆಸರು. ಬಹುಪಾಲು ಹೆಸರಿನ ಮುಂದೆ ಎರಡು ಅಂಕಿ, ಒಂದು ರೇಖಾಂಶ, ಇನ್ನೊಂದು ಅಕ್ಷಾಂಶ. ನಕಾಶೆಯನ್ನು ನೋಡಿ ನೋಡಿ ನಕಲು ಮಾಡಿದರೆ ಪ್ರತಿ ಸಲವೂ ಸ್ವಲ್ಪ ಕೆಡುತ್ತದೆ, ಅಂಕಿ ಇದ್ದರೆ ಹೊಸದಾಗಿ ಬರೆದುಕೊಳ್ಳಬಹುದು ಎಂಬುದು ಅವನ ಲೆಕ್ಕಾಚಾರ. ಹಾಗೇ ಆಯಿತು. ಅವನ ಕಾಲದ ಒಂದು ನಕಾಶೆಯೂ ಉಳಿದಿಲ್ಲ. 1295ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನ ಸನ್ಯಾಸಿ ಮ್ಯಾಕ್ಸಿಮಸ್ ಪ್ಲಾನೂಡೆಸ್‌ಗೆ ಸಿಕ್ಕ ಪ್ರತಿಯಲ್ಲೂ ನಕಾಶೆ ಇರಲಿಲ್ಲ. ಅಂಕಿಗಳಿಂದಲೇ ಮತ್ತೆ ಮಾಡಿಸಿದರು. 'ಟಾಲೆಮಿಯ ನಕಾಶೆ' ಎಂದು ನಾವು ನೋಡುವುದೆಲ್ಲ ಅವನು ಸತ್ತು ಸಾವಿರ ವರ್ಷದ ಮೇಲಿನದು.

ಟಾಲೆಮಿ ಕೊಟ್ಟ ರೇಖಾಂಶ ಹೀಗಿದೆ: ರೋಮ್ 36 ಡಿಗ್ರಿ 40 ನಿಮಿಷ, ಅಲೆಕ್ಸಾಂಡ್ರಿಯಾ 60 ಡಿಗ್ರಿ 30 ನಿಮಿಷ. ಚುಕ್ಕಿ ಇಟ್ಟೆ. ನಡುವೆ ಹತ್ತಿರ ಹತ್ತಿರ 24 ಡಿಗ್ರಿ. ಹುಡುಗ ಶಾಲೆಯ ಅಟ್ಲಾಸ್ ತಂದು ನೋಡಿದ. ಅದರಲ್ಲಿ 17ಕ್ಕಿಂತ ಚೂರು ಜಾಸ್ತಿ, ಅಷ್ಟೇ. "ಮಾಮ, ತಪ್ಪು ಇಟ್ಟಿದ್ದೀಯ."

ನಾನಲ್ಲ ಮಾರಾಯ, ಟಾಲೆಮಿ.

ಅಕ್ಷಾಂಶವನ್ನು ನೆರಳಿನ ಉದ್ದದಿಂದ ಹೇಳಬಹುದು. ರೇಖಾಂಶಕ್ಕೆ ದೂರದ ಎರಡು ಊರಲ್ಲಿ ಒಂದೇ ಗಳಿಗೆಯ ಸಮಯ ಗೊತ್ತಾಗಬೇಕು. ಅದಕ್ಕಿದ್ದ ಗಡಿಯಾರ ಅಂದರೆ ಗ್ರಹಣ. ಟಾಲೆಮಿ ಕೊಡುವ ಉದಾಹರಣೆ ಕ್ರಿ.ಪೂ. 331ರ ಚಂದ್ರಗ್ರಹಣ, ಅಲೆಕ್ಸಾಂಡರ್ ಗಾಗಮೇಲಾ ಯುದ್ಧಕ್ಕೆ ಹೊರಟಿದ್ದ ಸಮಯದ್ದು. ಈಗಿನ ಇರಾಕಿನ ಆರ್ಬೆಲಾದಲ್ಲಿ ರಾತ್ರಿಯ ಐದನೇ ಗಂಟೆಗೆ ಕಂಡಿತು, ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ ಎರಡನೇ ಗಂಟೆಗೆ ಅಂತ ಬರೆದಿದ್ದಾನೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಮೂರು ಗಂಟೆ ಅಂದರೆ 45 ಡಿಗ್ರಿ. ನಿಜವಾಗಿ 34 ಡಿಗ್ರಿಯಷ್ಟೇ. ಯಾರೋ ಅಂದಾಜಿನಲ್ಲಿ ಹೇಳಿದ ಸಮಯ ಇರಬೇಕು ಅನ್ನಿಸುತ್ತದೆ. ಸಾಲದ್ದಕ್ಕೆ ಭೂಮಿಯ ಸುತ್ತಳತೆಯಲ್ಲಿ ಒಂದು ಡಿಗ್ರಿಗೆ 500 ಸ್ಟೇಡಿಯಾ (ಗ್ರೀಕರ ದೂರದ ಅಳತೆ) ಎಂದು ಹಿಡಿದ. ಅವನಿಗಿಂತ ಹಿಂದಿನ ಗ್ರೀಕ್ ಪಂಡಿತ ಎರಟೋಸ್ತನೀಸ್ 700 ಎಂದಿದ್ದ. ಭೂಮಿ ಚಿಕ್ಕದಾಯಿತು, ನಡೆದ ದಾರಿ ಮಾತ್ರ ಅಷ್ಟೇ ಇತ್ತು. ಹಾಗಾಗಿ ಅದೇ ದಾರಿಗೆ ಡಿಗ್ರಿಗಳ ಲೆಕ್ಕ ಹೆಚ್ಚಾಯಿತು.

ಮಧ್ಯಾಹ್ನ ಊಟ ಆದಮೇಲೆ ನಮ್ಮ ಕಡೆಗೆ ಬಂದೆವು. ಟಾಲೆಮಿಯ ಅಕ್ಷಾಂಶದಲ್ಲಿ ಗುಜರಾತಿನ ಭರೂಚ್ 17 ಚಿಲ್ಲರೆ, ಕನ್ಯಾಕುಮಾರಿ ಹದಿಮೂರೂವರೆ. ಅಟ್ಲಾಸಿನಲ್ಲಿ ನೋಡಿದರೆ 21 ಚಿಲ್ಲರೆ ಮತ್ತು 8! ದಕ್ಷಿಣ ಭಾರತ ಇಡೀ ಮೇಲಿಂದ ಅಮುಕಿದ ರೊಟ್ಟಿಯ ಹಾಗೆ ಅಡ್ಡಡ್ಡ ಹರಡಿಕೊಂಡಿತು. ಇಲ್ಲಿ ನೆರಳು ಅಳೆದವರು ಯಾರು? ಹಡಗಿನವರು, ವ್ಯಾಪಾರಿಗಳು ಹೇಳಿದ್ದೇ ಆಧಾರ. ಲಂಕೆಯಂತೂ ಸಮಭಾಜಕ ದಾಟಿ ಕೆಳಗಿಳಿಯುತ್ತದೆ.

ಆ ಪಟ್ಟಿಯಲ್ಲಿ ನಮ್ಮ ಬನವಾಸಿಯೂ ಇದೆ. ಸುಮಾರು 1,870 ವರ್ಷದ ಹಿಂದೆ, ಅಲೆಕ್ಸಾಂಡ್ರಿಯಾದಲ್ಲಿ ಕೂತವನೊಬ್ಬ ಬನವಾಸಿ ಅಂತ ಬರೆದ, ಅಲ್ವಾ! ಅದಕ್ಕೂ ಒಂದು ಚುಕ್ಕಿ ಇಡೋಣ ಅಂತ ಕೈ ಚಾಚಿದೆ. ಲಂಕೆ ಇಡೀ ಹಾಳೆ ನುಂಗಿತ್ತು. ಇನ್ನೊಂದು ಹಾಳೆ ಕೇಳಿದರೆ ಹುಡುಗ ಕೊಡಲಿಲ್ಲ, ನಾಳೆಗೆ ಬೇಕಂತೆ.